ಹಲ್ಲಿನ ನಡುವಿನ ಮಣ್ಣು

ಎರಡನೆಯ ಚಿಟಿಕೆಯನ್ನು ಮುಂಬಲ್ಲುಗಳ ನಡುವೆ ಇಟ್ಟುಕೊಂಡು ಗೋದಾ ಮೆಲ್ಲಗೆ ಕಡಿದಳು. ಹಿತ್ತಲ ಮೆಟ್ಟಿಲಿನ ಮೇಲೆ ಆಕೆಯ ಬಲಗಡೆ ಬಾಯಿ ಮುಕ್ಕಳಿಸುವ ತಂಬಿಗೆ, ಎಡಗಡೆ ಸಾಲಾಗಿ ಮಣ್ಣಿನ ಪೊಟ್ಟಣಗಳು, ತೊಡೆಯ ಮೇಲಿನ ಮೊರದಲ್ಲಿ ಅರ್ಧ ಸೋಸಿದ ಮೆಂತ್ಯದ ಸೊಪ್ಪು. ಅನ್ನಕ್ಕೆ ಎಸರಿಡುವುದು, ಸೊಪ್ಪು ಸೋಸುವುದು, ನಡುನಡುವೆ ಮಣ್ಣು ಕಡಿಯುವುದು: ಬೆಳಗಿನ ಕೆಲಸಗಳಲ್ಲಿ ಇದೂ ಒಂದಾಗಿ ಸೇರಿ ಕೆಲವು ವಾರಗಳಾಗಿದ್ದವು.

"ಕರಕರ ಅಂತದೋ ಇಲ್ಲೋ?" ಒಳಗಿನಿಂದ ಅವಧೂತ ಮಾಸ್ತರರು ಕೇಳಿದರು.

"ಅಂತದ್ರಿ."

"ಭಾಳೋ, ಸ್ವಲ್ಪೋ?"

ಗೋದಾ ಯೋಚಿಸಿದಳು. ಮೊದಲನೆಯ ಚಿಟಿಕೆಯ ಉಸುಕು ಇನ್ನೂ ಬಾಯಿಯಲ್ಲೇ ಇತ್ತು. ಯಾವ ಕರಕರ ಯಾವ ಮಣ್ಣಿನದು ಎಂದು ಹೇಳುವುದು ಸುಲಭವಾಗಿರಲಿಲ್ಲ. "ಸ್ವಲ್ಪ ಭಾಳ" ಎಂದಳು. ಮಾಸ್ತರರು ಅದನ್ನು ಹಾಗೆಯೇ ಬರೆದುಕೊಂಡರು.

ಅವಧೂತ ಮಾಸ್ತರರು ಧಾರವಾಡದ ಕಡೆಯವರು. ಪುಣೆಗೆ ಬಂದು ಅಲ್ಲಿನ ಪೇಠೆಯೊಂದರ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ಮರಾಠಿಯಲ್ಲಿ ಪಾಠ ಹೇಳುತ್ತಿದ್ದರು. ಅವರ ಮರಾಠಿಗೆ ಧಾರವಾಡದ ವಾಸನೆ ಇತ್ತು. ಹುಡುಗರು ನಗುತ್ತಿದ್ದರು. ಹೀಗಿರುವಾಗ ಆ ವರ್ಷ ಪಠ್ಯಕ್ರಮದಲ್ಲಿ ಹೊಸದೊಂದು ಭಾಗ ಬಂದಿತು: ಕಲ್ಲು, ಖನಿಜ, ಮಣ್ಣು ಮತ್ತು ಭೂಮಿಯ ರಚನೆ. ಉಳಿದ ಮಾಸ್ತರರು ಅದನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿ ಗುಣಾಕಾರಕ್ಕೆ ಹೋದರು. ಅವಧೂತ ಮಾಸ್ತರರು ಹೋಗಲಿಲ್ಲ. ಹಳೆಯ ಪುಸ್ತಕಗಳ ಗಾಡಿಯಲ್ಲಿ ಅವರಿಗೆ ಮುಖಪುಟವಿಲ್ಲದ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಅದನ್ನು ಅರ್ಧದವರೆಗೆ ಓದುವಷ್ಟರಲ್ಲಿ, ತಾವು ಹುಟ್ಟಿದ್ದೇ ಭೂಗರ್ಭಶಾಸ್ತ್ರಕ್ಕಾಗಿ, ಇಷ್ಟು ದಿನ ಬೇರೆ ವಿಷಯಗಳನ್ನು ಕಲಿಸಿದ್ದು ದಾರಿ ತಪ್ಪಿ ಎಂಬುದು ಅವರಿಗೆ ಖಚಿತವಾಯಿತು. ಕಲ್ಲುಗಳ ಇನ್ನೊಂದು ಗುಣವನ್ನೂ ಅವರು ಮೆಚ್ಚಿದ್ದಿರಬೇಕು. ಅವು ಯಾರ ಮರಾಠಿಗೂ ನಗುವುದಿಲ್ಲ.

ಭೂಮಿಗೆ ಪದರುಗಳಿವೆ ಎಂದು ತೋರಿಸಲು ಅವರು ಮೊದಲು ವರ್ಗಕ್ಕೆ ಒಂದು ಬುಟ್ಟಿ ಉಳ್ಳಾಗಡ್ಡಿ ಒಯ್ದರು. ಹೊರಗಿನ ಸಿಪ್ಪೆ ನಾವು ನಿಂತ ನೆಲ, ಒಳಗೆ ದಪ್ಪ ಪದರು, ಅದರೊಳಗೆ ಕುದಿಯುವ ಲೋಹ, ಎಲ್ಲಕ್ಕೂ ನಡುವೆ ಗಟ್ಟಿ ಗೆಡ್ಡೆ. ಹುಡುಗರು ತಂತಮ್ಮ ಭೂಮಿಯನ್ನು ಬಿಡಿಸುತ್ತ ಕೇಂದ್ರಕ್ಕೆ ತಲುಪುವ ಹೊತ್ತಿಗೆ ವರ್ಗವೆಲ್ಲ ಕಣ್ಣೀರು ಸುರಿಸುತ್ತಿತ್ತು. ಹೆಡ್‌ಮಾಸ್ತರ ಪಂಢರಿನಾಥರಾಯರು ಬಾಗಿಲಿಗೆ ಬಂದು, ಇಷ್ಟು ಹುಡುಗರನ್ನು ಒಟ್ಟಿಗೆ ಹೊಡೆಯುವ ಅಧಿಕಾರ ನಿಮಗೆ ಯಾರು ಕೊಟ್ಟರು ಎಂದು ಕೇಳಿದರು.

ಉಳ್ಳಾಗಡ್ಡಿಯ ನಂತರ ಕಲ್ಲು ಶುರುವಾಯಿತು. ಊರ ಹೊರಗಿನ ಗಣಿಗಳಿಂದ ಕರಿಕಲ್ಲು, ಅದರ ಪೊಟರೆಗಳಲ್ಲಿ ಕಲ್ಲುಸಕ್ಕರೆಯ ಹಾಗೆ ಹೊಳೆಯುವ ಬಿಳಿಯ ಹರಳು, ಕೊಂಕಣದಿಂದ ಯಾರೋ ತಂದುಕೊಟ್ಟ ಜಂಬಿಟ್ಟಿಗೆ, ಅಭ್ರಕದ ಹಾಳೆಗಳು. ಪುಣೆ ಪೂರ್ತಿ ಒಂದಾನೊಂದು ಕಾಲದಲ್ಲಿ ಕುದಿಯುವ ಕಲ್ಲಿನ ಗಂಜಿ ಹರಿದು ಆರಿದ ಜಾಗ ಎಂದು ತಿಳಿದ ಮೇಲಂತೂ ಮಾಸ್ತರರು ಹಲವು ಸಂಸಾರಗಳು ಒಂದೇ ಅಂಗಳದ ಸುತ್ತ ಇದ್ದ ತಮ್ಮ ವಾಡೆಯಲ್ಲಿ ಕೆಳಗೆ ನೋಡದೆ ನಡೆಯುವುದನ್ನು ಬಿಟ್ಟರು. ಪಕ್ಕದ ಮನೆಯ ರಂಗೂಬಾಯಿ ಚಟ್ನಿ ಅರೆಯುವ ಕಲ್ಲಿಗೂ ಒಂದು ಚೀಟಿ ಅಂಟಿಸಿ 'ಅಗ್ನಿಶಿಲೆ' ಎಂದು ಬರೆದಿದ್ದರು. ರಂಗೂಬಾಯಿ ಆ ವಾರವೆಲ್ಲ ಮಾತು ಬಿಟ್ಟಿದ್ದಳು.

ಈ ಸಂಪತ್ತನ್ನೆಲ್ಲ ಮಾಸ್ತರರು ಪೇರಿಸಿಟ್ಟಿದ್ದು ಹಿಂದಿನ ಕೋಣೆಯಲ್ಲಿ. ಗೋದಾಳ ಸಂಕಟ ಅದೇ. ಮಗಳು ಅಂಬಾ ಇಂದಾಪುರದಲ್ಲಿ ಗಂಡನ ಮನೆಯಲ್ಲಿ ಏಳು ತಿಂಗಳ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅದಕ್ಕೆ ಗಾಳಿ ತಾಕದ ಆ ಕೋಣೆಯೇ ಬೇಕು. ಗೋದಾ ಬಾಣಂತಿಗೆಂದು ಒಣಶುಂಠಿ, ಅಳ್ವಿ, ಅಂಟು ಎಲ್ಲ ತಂದಿಟ್ಟುಕೊಂಡಿದ್ದಳು. ಹಳೆಯ ಸೀರೆಗಳನ್ನು ಹರಿದು ಮಡಿಕೆ ಮಾಡಿದ್ದಳು. ಹಗ್ಗದ ಮಂಚ ಬಿಗಿಸಿದ್ದಳು. ಮಂಚ ಹಾಕಲು ಮಾತ್ರ ನೆಲ ಇರಲಿಲ್ಲ. ಶಿಕ್ಷಣ ಖಾತೆಯ ಡೆಪ್ಯೂಟಿ ಸಾಹೇಬರ ತಪಾಸಣೆ ಆಗುವ ತನಕ ಒಂದು ಕಲ್ಲನ್ನೂ ಅಲುಗಿಸುವಂತಿಲ್ಲ, ಆಮೇಲೆ ಎಲ್ಲವೂ ಶಾಲೆಗೆ ಹೋಗುತ್ತದೆ ಎಂದು ಮಾಸ್ತರರು ಹೇಳಿದ್ದರು. ಆದಷ್ಟು ಬೇಗ ಸಂಗ್ರಹ ಮುಗಿಯಲಿ ಎಂದೇ ಗೋದಾ ಮಣ್ಣಿನ ಕೆಲಸಕ್ಕೆ ಒಪ್ಪಿದ್ದು.

ಮಣ್ಣಿನ ಕೆಲಸ ಹೀಗಿತ್ತು. ಆ ಪುಸ್ತಕದ ಪ್ರಕಾರ ಮಣ್ಣನ್ನು ಗುರುತಿಸಲು ಕಣ್ಣು, ಕೈ, ಮೂಗು ಸಾಲವು. ಚಿಟಿಕೆ ಮಣ್ಣನ್ನು ಮುಂಬಲ್ಲುಗಳ ನಡುವೆ ಕಡಿಯಬೇಕು. ಉಸುಕಾದರೆ ಕರಕರ ಎನ್ನುತ್ತದೆ, ಗೋಡುಮಣ್ಣಾದರೆ ಹಿಟ್ಟಿನ ಹಾಗೆ, ಜೇಡಿಯಾದರೆ ಬೆಣ್ಣೆಯ ಹಾಗೆ. ಮಾಸ್ತರರ ಮುಂಬಲ್ಲುಗಳಲ್ಲಿ ಎರಡು ಅಂಬಾಳ ಮದುವೆಯ ಅಡಿಕೆಗೆ ಬಲಿಯಾಗಿದ್ದವು. ಮೂರನೆಯದರಿಂದ ಪ್ರಯೋಗ ಮಾಡಹೋದಾಗ ಅದು ಮಣ್ಣಿಗಿಂತ ಮೊದಲು ತಾನೇ ಅಲುಗಾಡಿತು. ಹೀಗಾಗಿ ಶಾಸ್ತ್ರಕ್ಕೆ ಗೋದಾಳ ಹಲ್ಲುಗಳು ಬೇಕಾದವು. ಆದರೆ ಭೂಗರ್ಭಶಾಸ್ತ್ರಜ್ಞನೊಬ್ಬ ಹೆಂಡತಿಯ ಹಲ್ಲಿನಿಂದ ಶಾಸ್ತ್ರ ಮಾಡಿದ ಎಂದು ಸಾಹೇಬರ ಕಿವಿಗೆ ಬಿದ್ದರೆ ಗತಿಯೇನು? ಮಾಸ್ತರರು ಆಕೆಯನ್ನು ತುಳಸಿಯ ಮುಂದೆ ನಿಲ್ಲಿಸಿ, ಈ ವಿಷಯ ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿಸಿದ್ದರು.

ಆ ಬೆಳಿಗ್ಗೆ ಗೋದಾ ಮೂರನೆಯ ಚಿಟಿಕೆಯನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಕಣ್ಣು ಮುಚ್ಚಿದರೆ ನಾಲಿಗೆಗೆ ಸ್ಪಷ್ಟವಾಗುತ್ತದೆ ಎಂದು ಆಕೆಗೆ ಅನುಭವವಾಗಿತ್ತು. ಕಣ್ಣು ತೆರೆದಾಗ ನಳದ ಬಳಿ ಕೊಡ ಹಿಡಿದು ನಿಂತ ರಂಗೂಬಾಯಿ ತನ್ನನ್ನೇ ನೋಡುತ್ತಿರುವುದು ಕಂಡಿತು. ಗೋದಾ ತಟ್ಟನೆ ಪೊಟ್ಟಣಗಳ ಮೇಲೆ ಸೆರಗು ಎಳೆದುಕೊಂಡಳು.

ಸೆರಗು ಎಳೆಯದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ.

ರಂಗೂಬಾಯಿಯ ತವರು ಬೆಳಗಾವಿ. ಕನ್ನಡವನ್ನೂ ಮರಾಠಿಯನ್ನೂ ಒಂದೇ ಉಸಿರಿನಲ್ಲಿ ಆಡುವವಳು, ಐದು ಹೆತ್ತವಳು. ಮದುವೆಯಾದ ಹೆಂಗಸು ಕಣ್ಣು ಮುಚ್ಚಿ, ರುಚಿ ನೋಡುತ್ತ, ಕದ್ದು ಮಣ್ಣು ತಿನ್ನುವುದಕ್ಕೆ ಲೋಕದಲ್ಲಿ ಒಂದೇ ಕಾರಣ ಇದೆ ಎಂಬುದು ಆಕೆಗೆ ಪುಸ್ತಕ ಓದದೆ ಗೊತ್ತಿತ್ತು. ಅವಳೇ ಎರಡನೆಯ ಮಗನ ಹೊತ್ತಿಗೆ ಒಲೆಯ ಒಂದು ಮೂಲೆಯನ್ನು ಕೆರೆದು ಕೆರೆದು ತಿಂದಿದ್ದಳಂತೆ. ಗೋದಾಗೆ ನಲವತ್ತು ಹತ್ತಿರ, ಮಗಳು ಬಸುರಿ, ಮೇಲೆ ಇದು. ರಂಗೂಬಾಯಿಗೆ ಅರೆಯುವ ಕಲ್ಲಿನ ಅವಮಾನ ಮರೆತುಹೋಯಿತು. ಅಂದು ಸಂಜೆಯೇ ಒಂದು ಬಟ್ಟಲು ಹುಣಸೆಕಾಯಿಯ ಉಪ್ಪಿನಕಾಯಿ ಗೋದಾಳ ಮನೆಗೆ ಬಂದಿತು.

ಮಾತು ಬಿಟ್ಟವಳು ತಾನಾಗಿ ರಾಜಿಗೆ ಬಂದಳಲ್ಲ ಎಂದು ಗೋದಾ ಸಂತೋಷಪಟ್ಟಳು. ಮರುದಿನ ಮಹಡಿಯ ಮನೆಯಿಂದ ನೆಲ್ಲಿಕಾಯಿ ಬಂದಿತು. ಅದರ ಮರುದಿನ, ನಳದಲ್ಲಿ ತುಂಬಿಟ್ಟ ಕೊಡವನ್ನು ಆಕೆ ಎತ್ತುವ ಮೊದಲೇ ಯಾರೋ ಎತ್ತಿ ಮನೆಯೊಳಗೆ ಇಟ್ಟು ಹೋದರು. ಅಮಾವಾಸ್ಯೆಯ ದಿನ, ಹೊಸ್ತಿಲು ದಾಟಬೇಡ ಎಂದು ಎದುರುಮನೆಯ ಮುದುಕಿ ಹೇಳಿ ಕಳಿಸಿದಳು. ಇಷ್ಟು ವರ್ಷ ತನ್ನನ್ನು 'ಕಾನಡಿ ಬಾಯಿ' ಎಂದು ಕರೆದು ದೂರವಿಟ್ಟ ವಾಡೆ ಹೀಗೆ ಒಮ್ಮೆಲೇ ಕರಗಿದ್ದು ಏಕೆ ಎಂದು ಗೋದಾಗೆ ತಿಳಿಯಲಿಲ್ಲ. ಹೇಗೂ ಅಂಬಾ ಬರುತ್ತಾಳೆ, ಆಗ ನಾಲ್ಕು ಜನ ಬೇಕು, ದೇವರು ಮೊದಲೇ ವ್ಯವಸ್ಥೆ ಮಾಡುತ್ತಿದ್ದಾನೆ ಎಂದುಕೊಂಡಳು.

ಶಾಲೆಗೆ ಸುದ್ದಿ ಮುಟ್ಟಲು ತಡವಾಗಲಿಲ್ಲ. ಪಂಢರಿನಾಥರಾಯರು ಅವಧೂತ ಮಾಸ್ತರರನ್ನು ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಎಲ್ಲ ಗೊತ್ತಾಗಿದೆ, ಅಭಿನಂದನೆ ಎಂದರು. ಗುಟ್ಟಾಗಿ ಇಟ್ಟಿದ್ದೆ, ಅದು ಹೇಗೆ ಹೊರಬಿತ್ತು ಎಂದು ಮಾಸ್ತರರು ನಾಚಿದರು. ಇಂಥದ್ದು ಎಷ್ಟು ದಿನ ಅಡಗೀತು ಎಂದರು ಹೆಡ್‌ಮಾಸ್ತರರು. ಈ ವಯಸ್ಸಿನಲ್ಲಿ ಇಂಥ ಸಾಹಸವೇ ಎಂದೂ ಕೇಳಿದರು. ವಯಸ್ಸಿನಲ್ಲೇನಿದೆ, ಉತ್ಸಾಹ ಇರಬೇಕು, ಸರಕಾರದ ಮೆಚ್ಚಿಗೆ ಸಿಕ್ಕರೆ ವರ್ಷಕ್ಕೊಂದು ಮಾಡುವ ವಿಚಾರವಿದೆ ಎಂದು ಮಾಸ್ತರರು ಹೇಳಿದರು. ಹೆಡ್‌ಮಾಸ್ತರರು ಸ್ವಲ್ಪ ಹೊತ್ತು ಗೋಡೆಯ ಮೇಲಿನ ನಕಾಶೆಯನ್ನು ನೋಡುತ್ತ ಕುಳಿತರು.

ಮಾಸ್ತರರು ಮನೆಗೆ ಬಂದು, ಊರಿಗೆ ಊರೇ ತಮ್ಮ ಮಣ್ಣಿನ ಸಂಗ್ರಹವನ್ನು ಕುರಿತು ಮಾತಾಡುತ್ತಿದೆ ಎಂದು ಗೋದಾಗೆ ಹೇಳಿದರು.

ಗೋದಾಗೆ ನಿಜ ತಿಳಿದದ್ದು ಎದುರುಮನೆಯ ಮುದುಕಿಯಿಂದ. ಕುಂಕುಮಕ್ಕೆ ಕರೆದ ಮುದುಕಿ ಅವಳ ಹೊಟ್ಟೆಯ ಕಡೆ ನೋಡಿ, ಎಷ್ಟನೆಯ ತಿಂಗಳು ಎಂದು ಕೇಳಿದಳು. ಅಂಬಾಗೆ ಏಳು ಎಂದಳು ಗೋದಾ. ಅಂಬಾಗಲ್ಲ, ನಿನಗೆ ಎಂದಳು ಮುದುಕಿ.

ಗೋದಾಗೆ ನಗು ಬಂತು. ಆಮೇಲೆ ಬಂದಿದ್ದು ನಗುವಲ್ಲ. ತನಗೆ ಅಂಥದ್ದೇನೂ ಇಲ್ಲ ಎಂದು ಮುದುಕಿಗೆ ಹೇಳಿದಳು, ಮಹಡಿಯ ಮನೆಗೆ ಹೋಗಿ ಹೇಳಿದಳು, ರಂಗೂಬಾಯಿಗೆ ಎರಡು ಸಲ ಹೇಳಿದಳು. ಇಲ್ಲಿಯೇ ಆಕೆ ತಪ್ಪಿದ್ದು. ಮೊದಲ ತಿಂಗಳುಗಳಲ್ಲಿ ದೃಷ್ಟಿಯಾದೀತೆಂದು ಯಾವ ಹೆಂಗಸೂ ಹೌದು ಎನ್ನುವುದಿಲ್ಲ. ಇಲ್ಲ ಎನ್ನುವುದೇ ಪದ್ಧತಿ. ಒಂದು ಸಲ ಇಲ್ಲ ಎಂದರೆ ಅನುಮಾನ, ನಾಲ್ಕು ಸಲ ಎಂದರೆ ಖಾತ್ರಿ.

"ಹಂಗಾದ್ರ ಮಣ್ಣು ಯಾಕ ತಿಂತೀದಿ, ಸಾಂಗ್ ನಾ?" ಎಂದು ರಂಗೂಬಾಯಿ ಪ್ರೀತಿಯಿಂದ ಕೇಳಿದಳು.

ಗೋದಾ ತುಳಸಿಯ ಕಡೆ ನೋಡಿದಳು. ರಂಗೂಬಾಯಿ ಅವಳ ಕೆನ್ನೆ ತಟ್ಟಿದಳು.

ಆ ದಿನ ಮಾಸ್ತರರು ಶಾಲೆಯಿಂದ ಬಂದ ಕೂಡಲೇ ಗೋದಾ ವಿಷಯವನ್ನು ಅವರ ಮುಂದಿಟ್ಟಳು. ಮಾಸ್ತರರು ಪೇಟಾ ತೆಗೆಯುತ್ತ ಕೇಳಿದರು, ಪೇಟಾ ಕೈಯಲ್ಲಿ ಹಿಡಿದೇ ಕುಳಿತರು. ಹೆಡ್‌ಮಾಸ್ತರರೊಂದಿಗೆ ಆಡಿದ ಮಾತುಗಳು ಒಂದೊಂದಾಗಿ ನೆನಪಾದವು. ವರ್ಷಕ್ಕೊಂದು ಎಂದದ್ದು ಕೊನೆಗೆ ನೆನಪಾಯಿತು.

"ನನ್ನ ಆಣಿ ಬಿಡಸ್ರಿ" ಎಂದಳು ಗೋದಾ. "ಇಂದಾಪುರಕ್ಕ ಸುದ್ದಿ ಹೋದ್ರ ಬೀಗರು ಅಂಬಾನ್ನ ಕಳಸೂದಿಲ್ಲ."

"ತಪಾಸಣಿ ಒಂದು ಆಗಿಹೋಗಲಿ. ಆಮ್ಯಾಲೆ ನಾನಽ ಡಂಗುರ ಹೊಡಸ್ತೀನಿ."

"ಏನಂತ?"

"ಮಣ್ಣು ಕಡಿದಾಕಿ ನೀನು ಅಂತ. ಈಗ ಹೇಳಿದ್ರ ಸಾಹೇಬರ ಮುಂದ ನನ್ನ ಮರ್ಯಾದಿ ಏನು ಉಳೀತದ? ನೀನಽ ವಿಚಾರ ಮಾಡು."

ಗೋದಾ ವಿಚಾರ ಮಾಡಿದಳು. ಗಂಡನ ಮರ್ಯಾದೆಯನ್ನು ಕಾಯಲು ತಾನು ಮೊಮ್ಮಗುವಿನ ಜೊತೆಗೇ ಮಗುವನ್ನು ಹೆರುವವಳಾಗಿ ವಾಡೆಯಲ್ಲಿ ಓಡಾಡಬೇಕು. ಗಂಡಸರ ಮರ್ಯಾದೆಯ ಲೆಕ್ಕ ಆಕೆಗೆ ಎಂದೂ ಸರಿಯಾಗಿ ಕೂಡಿಬಂದಿರಲಿಲ್ಲ.

ತಪಾಸಣೆ ಮನೆಯಲ್ಲಿಯೇ ಆಗುವುದೆಂದು ಗೊತ್ತಾಯಿತು. ಕಲ್ಲುಗಳನ್ನು ಶಾಲೆಗೆ ತಂದರೆ ಮಹಡಿ ಕುಸಿದೀತೆಂದು ಪಂಢರಿನಾಥರಾಯರು ಒಪ್ಪಿರಲಿಲ್ಲ. ಸಾಹೇಬರೇ ಬಂದು ನೋಡಲಿ ಎಂದಿದ್ದರು. ಆ ದಿನ ಗೋದಾ ಜಮಖಾನೆ ಹಾಸಿ, ಅವಲಕ್ಕಿ ಕಲಸಿ, ಚಹಾಕ್ಕೆ ಹಾಲು ತೆಗೆದಿಡುತ್ತಿದ್ದಾಗ ವಾಡೆಯ ಬಾಗಿಲಲ್ಲಿ ಟಾಂಗಾ ನಿಂತಿತು. ಇಳಿದದ್ದು ಸಾಹೇಬರಲ್ಲ. ಅಂಬಾಳ ಅತ್ತೆ ಸಾವಂತ್ರವ್ವ, ಕೈಯಲ್ಲೊಂದು ಗಂಟು.

ಸಾವಂತ್ರವ್ವ ದೊಡ್ಡ ದನಿಯ, ಕಡ್ಡಿ ಮುರಿದ ಹಾಗೆ ಮಾತಾಡುವ ಹೆಂಗಸು. ರಂಗೂಬಾಯಿಯ ಸೋದರ ಸೊಸೆ ಇಂದಾಪುರದಲ್ಲಿ ಅವರ ಓಣಿಯಲ್ಲೇ ಇದ್ದಳು. ಇದನ್ನು ಗೋದಾ ಮರೆತಿದ್ದಳು, ರಂಗೂಬಾಯಿ ಮರೆತಿರಲಿಲ್ಲ. ಸಾವಂತ್ರವ್ವ ಕಾಲು ತೊಳೆದು ಬಂದು, ಗೋದಾಳನ್ನು ಮೇಲಿಂದ ಕೆಳಗೆ ನೋಡಿ, ಅಡಿಗೆಮನೆಯಲ್ಲಿ ಮಣೆಯ ಮೇಲೆ ಕುಳಿತಳು.

"ತಪ್ಪು ತಿಳೀಬ್ಯಾಡ್ರಿ ಬೀಗರ. ಅಂಬಾನ್ನ ನಾವು ಕಳಸೂದಿಲ್ಲ."

ಗೋದಾಳ ಕೈಯಲ್ಲಿ ಹಾಲಿನ ಪಾತ್ರೆ ಇತ್ತು. ಅದನ್ನು ಕೆಳಗಿಟ್ಟಳು.

"ನಿಮಗ ನೀವಽ ಎದ್ದು ಕೂಡೂದು ಕಷ್ಟ ಆಗ್ತದ. ಬಾಣಂತಿಗೆ ಎರೆಯವರು ಯಾರು, ಕೂಸಿಗೆ ಕಾಲ ಮ್ಯಾಲೆ ಹಾಕ್ಕೊಂಡು ನೀರು ಹಾಕವರು ಯಾರು? ನಮ್ಮಲ್ಲೇ ಸೂಲಗಿತ್ತಿಗೆ ಹೇಳೀನಿ."

"ಬೀಗರ, ನನಗ ಏನೂ ಇಲ್ರಿ."

"ಹೌದ್ರಿ. ನನ್ನ ಕಡೀ ಕೂಸಿನ ಹೊತ್ತಿಗೆ ನಾನೂ ಹಂಗಽ ಅಂದಿದ್ದೆ."

"ಅಂಬಾ ಏನಂತಾಳ್ರಿ?"

ಸಾವಂತ್ರವ್ವ ದನಿ ತಗ್ಗಿಸಿದಳು. "ಕೇಳಿದಾಗಿಂದ ಮಾತಾಡಿಲ್ಲ. ಒಲಿ ಮುಂದ ಕೂತು ಕಣ್ಣು ಒರಸ್ಕೋತಿದ್ಲು. ಹೊಗಿ ಅಂತ ಅಂದ್ಲು."

ಅದೇ ಹೊತ್ತಿಗೆ ಹೊರಗೆ ಮಾಸ್ತರರ ಸ್ವಾಗತದ ಧ್ವನಿ ಕೇಳಿತು. ಡೆಪ್ಯೂಟಿ ಸಾಹೇಬರು ಬಂದಿದ್ದರು. ಅವರ ಹಿಂದೆ ಪಂಢರಿನಾಥರಾಯರು, ಅವರ ಹಿಂದೆ ಬಾಗಿಲವರೆಗೆ ವಾಡೆಯ ಅರ್ಧ ಜನ. ಸಾಹೇಬರು ಸಣ್ಣಗಿನ, ಶಾಂತ ಮುಖದ ಮನುಷ್ಯ. ಅವರು ಜಮಖಾನೆಯ ಮೇಲೆ ಕುಳಿತು, ಸುತ್ತಲೂ ಪೇರಿಸಿದ ಕಲ್ಲುಗಳನ್ನು ನೋಡಿ, ಕಾಲನ್ನು ಸ್ವಲ್ಪ ಒಳಗೆ ಎಳೆದುಕೊಂಡರು.

ಮಾಸ್ತರರು ಭೂಮಿಯ ಕೇಂದ್ರದಿಂದ ಶುರುಮಾಡಿದರು. ಅಲ್ಲಿಂದ ಮೇಲಕ್ಕೆ ಬರಲು ಬಹಳ ಹೊತ್ತು ಹಿಡಿಯಿತು. ಕುದಿಯುವ ಪದರಿನಲ್ಲಿ ಅವರು ಇನ್ನೂ ತೊಳಲಾಡುತ್ತಿರುವಾಗಲೇ ಪಂಢರಿನಾಥರಾಯರು ಬೇಸರಕ್ಕೆ ಮುಂದಿದ್ದ ತಾಟಿನಿಂದ ಒಂದು ಕಲ್ಲುಸಕ್ಕರೆಯನ್ನು ಬಾಯಿಗೆ ಹಾಕಿಕೊಂಡರು. ಅದು ಕರಿಕಲ್ಲಿನ ಪೊಟರೆಯ ಹರಳಾಗಿತ್ತು. ಅವರು ಅದನ್ನು ಉಗುಳಲೂ ಆಗದೆ ನುಂಗಲೂ ಆಗದೆ ತಪಾಸಣೆ ಮುಗಿಯುವ ತನಕ ಗಂಭೀರವಾಗಿ ಒಂದು ದವಡೆಯಲ್ಲಿ ಇಟ್ಟುಕೊಂಡಿದ್ದರು. ಸಾಹೇಬರು ಕೇಳಿದ ಒಂದೆರಡು ಪ್ರಶ್ನೆಗಳಿಗೆ ಅವರು ತಲೆಯಾಡಿಸಿ ಉತ್ತರಿಸಿದ್ದು ಅದಕ್ಕಾಗಿಯೇ.

ಕೊನೆಗೆ ಮಾಸ್ತರರು ಭೂಮಿಯ ಮೇಲ್ಭಾಗಕ್ಕೆ, ಅಂದರೆ ಮಣ್ಣಿಗೆ ಬಂದರು. ಪೊಟ್ಟಣಗಳ ಮೇಲಿನ ಚೀಟಿಗಳನ್ನು ಸಾಹೇಬರು ಓದಿದರು. ಒಂದರ ಮೇಲೆ 'ಸ್ವಲ್ಪ ಭಾಳ ಕರಕರ' ಎಂದಿತ್ತು. ಇದನ್ನು ಹೇಗೆ ನಿರ್ಣಯಿಸಿದಿರಿ ಎಂದು ಕೇಳಿದರು. ಹಲ್ಲಿನ ಪರೀಕ್ಷೆಯಿಂದ ಎಂದರು ಮಾಸ್ತರರು. ಹಾಗಾದರೆ ತೋರಿಸಿ ಎಂದು ಸಾಹೇಬರು ಒಂದು ಪೊಟ್ಟಣ ಬಿಚ್ಚಿ ಮುಂದೆ ಹಿಡಿದರು.

ಮಾಸ್ತರರು ಚಿಟಿಕೆ ಮಣ್ಣು ತೆಗೆದುಕೊಂಡರು. ಅದನ್ನು ಬೆಳಕಿಗೆ ಹಿಡಿದರು. ಮೂಸಿದರು. ಅದರ ಹುಟ್ಟನ್ನು ಕುರಿತು ಎರಡು ಮಾತು ಹೇಳಿದರು. ಮೂರನೆಯ ಹಲ್ಲು ಅವರ ಬಾಯಲ್ಲಿ ನಡುಗುತ್ತಿದ್ದಿರಬೇಕು.

ನಡುಮನೆಯ ಬಾಗಿಲ ಹಿಂದೆ ನಿಂತ ಗೋದಾ ಇದನ್ನೆಲ್ಲ ನೋಡುತ್ತಿದ್ದಳು. ಅವಳ ಪಕ್ಕದಲ್ಲಿ ಸಾವಂತ್ರವ್ವ, ಹಿತ್ತಲ ಕಡೆಯಿಂದ ಬಂದು ಸೇರಿದ ರಂಗೂಬಾಯಿ. ಈ ಇಬ್ಬರೂ ಒಂದೇ ಕಡೆ ನಿಂತು ನೋಡುವ ಸಂದರ್ಭ ಮತ್ತೆ ಬರುವುದಿಲ್ಲ ಎಂದು ಗೋದಾಗೆ ಹೊಳೆಯಿತು. ಮಣ್ಣು ಕಡಿಯುವುದು ಪಾಠಕ್ಕಾಗಿ ಎಂದು ಇವರ ಕಣ್ಣಿಗೇ ಕಂಡರೆ ಅಂಬಾ ಬರುತ್ತಾಳೆ. ಹೇಳುವುದಿಲ್ಲ ಎಂದಷ್ಟೇ ತಾನು ಆಣೆ ಮಾಡಿದ್ದು. ಮಾಡಿ ತೋರಿಸುವುದಿಲ್ಲ ಎಂದು ಮಾಡಿರಲಿಲ್ಲ.

ಪರಗಂಡಸರ ಮುಂದೆ ಎಂದೂ ಬಾರದ ಗೋದಾ ತಲೆಯ ಮೇಲೆ ಸೆರಗು ಹೊದ್ದು ಹೊರಬಂದಳು. ಗಂಡನ ಬೆರಳಿನಿಂದ ಮಣ್ಣನ್ನು ತೆಗೆದುಕೊಂಡು ಹಲ್ಲಿನ ನಡುವೆ ಇಟ್ಟುಕೊಂಡಳು, ಕಣ್ಣು ಮುಚ್ಚಿದಳು, ಕಡಿದಳು. ತಿರುಗಿ ಒಳಗೆ ಹೋದಳು. ಒಂದು ಮಾತೂ ಆಡಲಿಲ್ಲ.

ಹೊರಗೆ ಸಾಹೇಬರು ಪೊಟ್ಟಣವನ್ನು ಮಡಿಚಿ ಕೆಳಗಿಟ್ಟರು. ಆಮೇಲೆ, ಮನೆಯ ವಿಷಯ ಎಂದು ಮರ್ಯಾದೆಗೆ ಇಂಗ್ಲಿಷಿನಲ್ಲಿ, ಇಲ್ಲಿನ ಪರೀಕ್ಷೆಗಳೆಲ್ಲ ಇವರವೇ ಏನು ಎಂದು ಕೇಳಿದರು. ಮಾಸ್ತರರೂ ಇಂಗ್ಲಿಷಿನಲ್ಲಿಯೇ ನಿಜ ಒಪ್ಪಿಕೊಂಡರು. ಹಲ್ಲು ಹೆಂಡತಿಯದು, ಆದರೆ ನಿರ್ಣಯ ನನ್ನದು ಎಂದರು. ಹೀಗೆ ಎಲ್ಲ ಸತ್ಯವೂ ಎಲ್ಲರೆದುರಿಗೆ ಹೊರಬಿತ್ತು, ಯಾರಿಗೆ ಅದು ತಿಳಿಯಬೇಕಾಗಿತ್ತೋ ಅವರಿಗೆ ತಿಳಿಯದ ಭಾಷೆಯಲ್ಲಿ. ಸಾಹೇಬರು ಮೃದುವಾಗಿ, ಈ ಪುಸ್ತಕ ಕೃಷಿ ಕಲಿಸುವ ಶೇತಕಿ ಕಾಲೇಜಿನ ದೊಡ್ಡ ಹುಡುಗರದು, ನಾಲ್ಕನೆಯ ಇಯತ್ತೆಗೆ ಕಪ್ಪು, ಕೆಂಪು, ಉಸುಕು ಎಂದು ಮೂರು ಮಣ್ಣು ಸಾಕು, ಅವನ್ನು ಕಣ್ಣಿನಿಂದಲೇ ಗುರುತಿಸಬಹುದು ಎಂದು ತಿಳಿಸಿದರು. ಕಲ್ಲುಗಳನ್ನು ಶಾಲೆಗೆ ಸಾಗಿಸುವ ಅಗತ್ಯವಿಲ್ಲ ಎಂದರು. ತಪಾಸಣೆಯ ಷರಾ ಬರೆಯುವಾಗ ಮಾತ್ರ 'ಶಿಕ್ಷಕರು ಉತ್ಸಾಹಿ, ಕಲ್ಲುಗಳು ಹೇರಳ' ಎಂದು ಬರೆದರು. ಅದರ ಮೊದಲ ಅರ್ಧವನ್ನು ಮಾಸ್ತರರು ಆಮೇಲೆ ಬಹಳ ಜನಕ್ಕೆ ಓದಿ ಹೇಳಿದರು.

ಗೋದಾ ಒಳಗೆ ಬಾಯಿ ಮುಕ್ಕಳಿಸಿ ತಿರುಗಿದಾಗ ಇಬ್ಬರು ಹೆಂಗಸರೂ ಅವಳನ್ನೇ ನೋಡುತ್ತ ನಿಂತಿದ್ದರು. ಕೊನೆಗೂ ತಿಳಿಯಿತಲ್ಲ ಎಂದು ಗೋದಾಗೆ ಎದೆ ಹಗುರವಾಯಿತು.

"ಅಗಂಬಾಯಿ" ಎಂದಳು ರಂಗೂಬಾಯಿ ಸಣ್ಣ ದನಿಯಲ್ಲಿ. "ಸರಕಾರಿ ಸಾಹೇಬನ ಮುಂದನೂ ತಡಕೊಳ್ಳೂದು ಆಗ್ಲಿಲ್ಲ ಈಕೀಗೆ."

ಸಾವಂತ್ರವ್ವ ಗೋದಾಳ ರಟ್ಟೆ ಹಿಡಿದು ಮಣೆಯ ಮೇಲೆ ಕೂಡಿಸಿದಳು. ಅವಳ ಮುಖದಿಂದ ಕಡ್ಡಿ ಮುರಿಯುವ ಬಿಗಿ ಹೋಗಿಬಿಟ್ಟಿತ್ತು. ಪರಗಂಡಸರ ನಡುವೆ ನುಗ್ಗಿ ಗಂಡನ ಬೆರಳಿನಿಂದ ಮಣ್ಣು ಕಸಿದು ತಿನ್ನುವಷ್ಟು ತೀವ್ರವಾದ ಬಯಕೆಯನ್ನು ಆಕೆ ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ. ಗಂಟು ಬಿಚ್ಚಿ, ಬಸುರಿಗೆ ಉಡಿ ತುಂಬುವಾಗ ಕೊಡುವ ಒಂದು ಹಸಿರು ಕುಬಸದ ಬಟ್ಟೆ ತೆಗೆದಳು. ಅಂಬಾಳ ಕುಬಸಕ್ಕೆ ತಂದ ಥಾನಿನಲ್ಲಿಯೇ ಇನ್ನೊಂದು ಹರಿಸಿದ್ದಂತೆ. ಕೊಡುವುದೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದ್ದಳಂತೆ.

"ಬೀಗರ, ಬಸುರಿ ಬಯಕಿ ಬಾಕಿ ಇಡಬಾರದು. ಇಟ್ರ ಹುಟ್ಟಿದ ಕೂಸಿನ ಕಿವಿ ಸೋರತಾವ. ನಮ್ಮ ನಾದನಿ ಮಗಂದು ಇನ್ನೂ ಸೋರಲಿಕ್ಕತ್ತದ, ಲಗ್ನಕ್ಕ ಬಂದಾನ ಈಗ. ನಾ ಬಂದು ಕೇಳದಽ ಹೋದೆ ಅಂದ್ರ ಆ ಪಾಪ ನನ್ನ ತಲಿಗೆ ಬರ್ತದ. ಏನು ಬೇಕನಸ್ತದ ಹೇಳ್ರಿ. ಮಣ್ಣು ಬಿಟ್ಟು."

ಗೋದಾ ಬಾಯಿ ತೆರೆದಳು. ಇಲ್ಲ ಎನ್ನುವ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಯೇ ಇತ್ತು. ಅಷ್ಟು ಸಲ ಹೇಳಿ ಅದಕ್ಕೆ ದಾರಿ ಸವೆದಿತ್ತು. ಈ ಸಲ ಅವಳು ಅದನ್ನು ಹೇಳಲಿಲ್ಲ.

"ತಿನ್ನೂದು ಏನೂ ಬ್ಯಾಡ್ರಿ" ಎಂದಳು.

"ಮತ್ತ?"

"ಅಂಬಾನ್ನ ನೋಡಬೇಕನಸ್ತದ. ಆಕಿ ಈ ಮನ್ಯಾಗ ಓಡಾಡೂದು ಕೇಳಬೇಕನಸ್ತದ. ಬ್ಯಾರೆ ಯಾವುದರ ಮ್ಯಾಲೂ ಮನಸ್ಸಿಲ್ಲ."

ಇದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಹೇಳುವಾಗ ಅವಳ ದನಿ ಒಡೆದದ್ದೂ ಸುಳ್ಳಲ್ಲ.

ಸಾವಂತ್ರವ್ವ ತಬ್ಬಿಬ್ಬಾದಳು. ಹುಳಿ, ಹೋಳಿಗೆ, ಶೇಂಗಾದ ಉಂಡೆ, ಏನು ಕೇಳಿದರೂ ಸಂಜೆಯೊಳಗೆ ಮಾಡಿ ಹಾಕಲು ಅವಳು ಸಿದ್ಧಳಾಗಿದ್ದಳು. ಇಂಥ ಬಯಕೆಯನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಯಕೆ ಬಾಯಿಯದೇ ಆಗಬೇಕಲ್ಲವೇ ಎಂದು ಕ್ಷೀಣವಾಗಿ ವಾದಿಸಿದಳು. ರಂಗೂಬಾಯಿ ತೀರ್ಪು ಕೊಟ್ಟಳು. ಬಯಕೆ ಎಂದರೆ ಬಯಕೆ. ಅವಳ ಚಿಕ್ಕಮ್ಮನಿಗೆ ರೈಲಿನ ಶಿಟ್ಟಿ ಕೇಳುವ ಬಯಕೆಯಾಗಿ ದಿನಾಲೂ ಸ್ಟೇಶನ್ನಿಗೆ ಕರೆದೊಯ್ಯುತ್ತಿದ್ದರಂತೆ. ಕೂಸಿನ ಕಿವಿ ಚೊಕ್ಕಟವಾಗಿ ಹುಟ್ಟಿತಂತೆ.

ಸಾವಂತ್ರವ್ವ ಹಸಿರು ಬಟ್ಟೆಯನ್ನು ಮಡಿಲಲ್ಲಿಟ್ಟು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು.

"ಆಗ್ಲಿ. ಸೋಮವಾರದ ಮೋಟಾರಿಗೆ ಕರಕೊಂಡು ಬರ್ತೀನಿ" ಎಂದಳು ಕೊನೆಗೆ. "ಖರೆ ನಾನೂ ಇರಾಕಿನಽ ಮತ್ತ. ಇಬ್ಬರಿಗೂ ಎರೆಯವರು ಬೇಕಲ್ಲ."

ಬೀಗತಿ ತಿಂಗಳುಗಟ್ಟಲೆ ಮನೆಯಲ್ಲಿ ಕೂಡುವುದು ಎಂದರೇನು ಎಂಬುದು ಗೋದಾಗೆ ಗೊತ್ತಿತ್ತು. ಆದರೂ 'ಬರ್ರಿ' ಎಂದಳು. ಮಡಿಲು ಮುಂದೆ ಮಾಡಿ ಕುಬಸದ ಬಟ್ಟೆಯನ್ನು ತೆಗೆದುಕೊಂಡಳು.

ಸಂಜೆಗೆ ಎಲ್ಲರೂ ಹೋದ ಮೇಲೆ ಮಾಸ್ತರರು ಹಿಂದಿನ ಕೋಣೆಯ ಕಲ್ಲುಗಳನ್ನು ಒಂದೊಂದಾಗಿ ಹಿತ್ತಲಿಗೆ ಸಾಗಿಸತೊಡಗಿದರು. ಷರಾದ ಸಂತೋಷ ಇನ್ನೂ ಅವರ ಮುಖದ ಮೇಲಿತ್ತು. ಆದರೆ ಬೇರೆ ಏನೋ ಅವರನ್ನು ಕೊರೆಯುತ್ತಿತ್ತು. ಹೋಗುವಾಗ ಸಾಹೇಬರು ಸಹ ಹೆಂಡತಿಯನ್ನು ಚೆನ್ನಾಗಿ ನೋಡಿಕೊಳ್ಳಿ ಎಂದಿದ್ದರು. ಸಾವಂತ್ರವ್ವ ಕುಬಸ ಕೊಟ್ಟಿದ್ದಳು. ಗೋದಾ ತೆಗೆದುಕೊಂಡಿದ್ದಳು. ಮಾಸ್ತರರು ಒಂದು ಜಂಬಿಟ್ಟಿಗೆಯನ್ನು ಎದೆಗವಚಿಕೊಂಡು ಕೋಣೆಯ ನಡುವೆ ನಿಂತರು.

"ಅಲ್ಲ, ಮಣ್ಣು ತಂದು ಕೊಟ್ಟಾಂವ ನಾನಽ. ನನಗ ಗೊತ್ತಿಲ್ಲಂತಲ್ಲ" ಎಂದರು. "ಖರೆ ಊರಿಗೂರಽ ಹಿಂಗ ಅಂತದ ಅಂದ್ರ… ಏನರೆ ಇದ್ದೀತೇನು?"

ಗೋದಾ ಕಸಬರಿಗೆ ಹಿಡಿದು ನೆಲ ಗುಡಿಸುತ್ತಿದ್ದಳು. ಇಷ್ಟು ದಿನ ಕಲ್ಲಿನ ಕೆಳಗಿದ್ದ ನೆಲ, ಗುಡಿಸಿದಷ್ಟೂ ಧೂಳು. ಅಂಬಾ ಬರುವುದು, ಈ ನಾಲ್ಕು ಗೋಡೆಯ ನಡುವೆ ಅವಳ ಕೂಸು ಅಳುವುದು, ಅಲ್ಲಿಯವರೆಗೆ ಯಾರು ಕೇಳಿದರೂ ಹೌದು ಎನ್ನುವುದಿಲ್ಲ, ಇಲ್ಲ ಎನ್ನುವುದಿಲ್ಲ ಎಂದು ಅವಳು ನಿರ್ಧರಿಸಿದಳು. ಅಂಬಾ ಬಂದ ದಿನವೇ ಅವಳ ಕಿವಿಯಲ್ಲಿ ಹೇಳಿಬಿಡೋಣ ಎಂದು ಒಮ್ಮೆ ಅನ್ನಿಸಿತು. ಅತ್ತೆ ಪಕ್ಕದಲ್ಲೇ ಇರುತ್ತಾಳೆ ಎಂದು ಅದನ್ನೂ ಬಿಟ್ಟಳು. ಆಮೇಲಿನದು ಆಮೇಲೆ.

"ಮಂಚ ಒಳಗ ತರೂದದ" ಎಂದಳು ಗಂಡನಿಗೆ. "ಆ ಕಡೆ ಹಿಡೀರಿ."